ಯುವ ಸಂವತ್ಸರದ ಹೊರೆಗಲ್ಲು

ಬಸ್ಸಿಳಿದೊಡನೆ ಹೆಗಲಚೀಲ ಇಡಲು ಜಾಗ ಹುಡುಕುವುದು ಅರವತ್ತು ದಾಟಿದ ಮೇಲೆ ನನಗಂಟಿದ ವ್ಯಸನ. ನನ್ನ ವಯಸ್ಸಿನ ಓದುಗ ಮಿತ್ರರು ಈ ಶೋಧನೆಯಲ್ಲಿ ನನ್ನ ಸಹಪ್ರಯಾಣಿಕರೆಂದು ಭಾವಿಸುತ್ತೇನೆ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ನಮ್ಮೂರಿನ ತಿರುವಿಗೆ, ಎದೆಯೆತ್ತರದ ಹೊರೆಗಲ್ಲೊಂದಿತ್ತು. ಎರಡು ಕಂಬ, ಮೇಲೊಂದು ಚಪ್ಪಡಿ. ತಲೆಹೊರೆ ಹೊತ್ತವರು ಯಾರ ಕೈನೆರವೂ ಬೇಡದೆ ಇಳಿಸಿ ಸುಧಾರಿಸಿಕೊಳ್ಳಬಹುದು. ತುಂಬು ಬಸುರಿಯಾಗಿದ್ದಾಗಲೇ ತೀರಿಕೊಂಡ ನಮ್ಮ ವಂಶದ ಸೊಸೆಯೊಬ್ಬಳ ನೆನಪಿಗೆ ನೆಟ್ಟದ್ದು. ರಸ್ತೆ ಅಗಲ ಮಾಡುವವರು ಅದನ್ನು ಒಡೆಯುತ್ತಾರೆಂದು ಕೇಳಿ ತೊಂಬತ್ತರ ನನ್ನ ದೊಡ್ಡಮ್ಮ ಊಟ ಬಿಟ್ಟರು. ಕುಟುಂಬದ ಏಕೈಕ ವಿದ್ವಾಂಸನೆಂಬ ಅಪಖ್ಯಾತಿಯಿದ್ದ ನನಗೆ ಬುಲಾವ್ ಬಂತು.

ಚಪ್ಪಡಿಯ ಮೇಲಿದ್ದದ್ದು 'ಯುವ ಸಂವತ್ಸರ' ಎಂಬುದಷ್ಟೇ. ನಾನು ಅದನ್ನು ಸಲೀಸಾಗಿ ಸಾವಿರದ ಎಂಟುನೂರ ಹದಿನೈದೆಂದು ನಿರ್ಣಯಿಸಿ, ಆ ವರ್ಷದ ಮಹಾಘಟನೆಗಳನ್ನೆಲ್ಲ ಕಲೆಹಾಕಿ ಭಾಷಣ ಸಿದ್ಧಪಡಿಸಿದೆ. ಯುರೋಪಿನ ಚಕ್ರವರ್ತಿಯೊಬ್ಬ ಯುದ್ಧ ಸೋತು ದ್ವೀಪ ಸೇರಿದ. ಪೂರ್ವಸಮುದ್ರದಲ್ಲೊಂದು ಬೆಟ್ಟ ಸಿಡಿದು ಆಕಾಶವೇ ಕಪ್ಪಾಯಿತು. ಮುಂದೆ ಗಣಿತದಲ್ಲಿ ಹೆಸರು ಮಾಡಲಿದ್ದ ಹೆಣ್ಣುಮಗುವೊಂದು ಲಂಡನ್ನಿನಲ್ಲಿ ಹುಟ್ಟಿತು. ಇಂಥ ಘನ ವರ್ಷದ ಕಲ್ಲನ್ನು ಯಾರು ತಾನೇ ಮುಟ್ಟಿಯಾರು?

ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ, ಮೂಗೂರಿನ ಕಡೆಯ ಯುವ ಎಂಜಿನಿಯರು ಕಲ್ಲಿನ ಬಳಿಯೇ ನಿಂತು ವಿನಯದಿಂದ ಎಲ್ಲವನ್ನೂ ಕೇಳಿಸಿಕೊಂಡು, "ಸಾ, ಇದು ಯಾವ ಯುವ? ನಾನೂ ಯುವದಲ್ಲೇ ಹುಟ್ಟಿದ್ದು" ಎಂದರು.

"ನಂದೂ ಅದೇಯ ಕಣಪ್ಪ" ಎಂದರು ದೊಡ್ಡಮ್ಮ.

ಸಂವತ್ಸರಗಳು ಅರವತ್ತಕ್ಕೊಮ್ಮೆ ಮರಳಿ ಬರುತ್ತವೆಂಬುದನ್ನು, ಅದೇ ಕಾರಣಕ್ಕೆ ಅರವತ್ತರ ಶಾಂತಿ ಮಾಡಿಸಿಕೊಂಡು ಹಾರ ಹಾಕಿಸಿಕೊಂಡಿದ್ದ ನಾನು ಮರೆತೇಬಿಟ್ಟಿದ್ದೆ. ಚಕ್ರವರ್ತಿ, ಬೆಟ್ಟ ಎರಡೂ ನನ್ನ ಕೈಯಲ್ಲೇ ಉಳಿದವು. ನಾಚಿಕೆಯಾಯಿತು.

ದೊಡ್ಡಮ್ಮ ಚಪ್ಪಡಿ ಸವರುತ್ತ ಹೇಳಿದರು: "ಯಾವ ಯುವ ಆದ್ರೇನಪ್ಪಾ? ಒಟ್ಟೇಲಿರೋದ ಇಳಿಸ್ದಲೇ ಓಗ್ಬುಟ್ಲು ಆವಮ್ಮ. ಕಂಡೋರ್ ಒರೆಯಾದ್ರೂ ಇಳೀಲಿ ಅಂತ ನೆಟ್ಟವ್ರೆ."

ಎಂಜಿನಿಯರು ತಲೆಯ ಮೇಲಿದ್ದ ಹೆಲ್ಮೆಟ್ ತೆಗೆದರು. "ಒಡೆಯಲ್ಲ ಅಜ್ಜಿ. ಬಸ್ ನಿಲ್ಲೋ ತಾವ್ಕೆ ಎತ್ತಿ ನಿಲ್ಲಿಸ್ತೀನಿ. ಓಗಿ, ಊಟ ಮಾಡಿ."

ಮೊನ್ನೆ ಊರಿಗೆ ಹೋದಾಗ ಬಸ್ಸಿಳಿದವನು ಜಾಗ ಹುಡುಕಲಿಲ್ಲ. ಆ ಭಾಷಣ ಇನ್ನೂ ಚೀಲದಲ್ಲೇ ಇತ್ತು. ಹೆಸರೂ ಉಳಿಯದ ಆ ಸೊಸೆಯ ಕಲ್ಲಿನ ಮೇಲೆ, ಚಕ್ರವರ್ತಿಯ ಸಮೇತ, ಎಲ್ಲವನ್ನೂ ಇಳಿಸಿದೆ.