ಕಡಾಯಿಯಮ್ಮನ ಸೊಂಟ

ಕರಾಕೋಲಿನ ದನದ ಸಂತೆಯ ಬಾಗಿಲಲ್ಲಿ ಬುರುಲ್ ನಿಂತಳೆಂದರೆ ಚೀಟಿ ಇಲ್ಲದೆ ಒಂದು ಕುರಿಮರಿಯೂ ಒಳಗೆ ನುಸುಳುವಂತಿಲ್ಲ. ಅವಳು ಯಾರ ಮೇಲೂ ಕೂಗಾಡುವುದಿಲ್ಲ, ಯಾರನ್ನೂ ತಳ್ಳುವುದಿಲ್ಲ. ಎಡಭುಜ ಮುಂದೆ ಮಾಡಿ ಓರೆಯಾಗಿ ನಿಲ್ಲುತ್ತಾಳೆ. ನುಗ್ಗಲು ಬಂದವನಿಗೆ ಅರ್ಧ ಹೆಜ್ಜೆ ಜಾಗ ಬಿಟ್ಟ ಹಾಗೆ ಮಾಡುತ್ತಾಳೆ. ಅವನು ಆ ಕಡೆ ವಾಲಿದ ಕೂಡಲೇ ಸೊಂಟ ತಿರುಗಿಸುತ್ತಾಳೆ, ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆಯೇ. ಹುಡುಗಿಯಾಗಿದ್ದಾಗ ಬೆಟ್ಟದ ಮೇಲೆ ಅಪ್ಪನ ಕುರಿದೊಡ್ಡಿಯ ಬಾಗಿಲಲ್ಲಿ ನಿಂತು ಕಲಿತ ವಿದ್ಯೆ ಇದು. ಈಗ ಅವಳಿಗೆ ಐವತ್ತು ದಾಟಿದೆ, ವಿದ್ಯೆಗೆ ಬೇಕಾದ ಅಗಲವೂ ಬಂದಿದೆ.

ಆ ಅಗಲ ನನಗೆ ಚೆನ್ನಾಗಿ ಗೊತ್ತು. ನಾನು ಹೊಲಿಗೆಯವಳು, ಊರಿನ ಅರ್ಧ ಹೆಂಗಸರ ಸೊಂಟದ ಅಳತೆ ನನ್ನ ತಲೆಯಲ್ಲಿದೆ. ಬುರುಲ್ ನನ್ನ ಗೆಳತಿ, ನನಗಿಂತ ಎರಡು ವರ್ಷ ಚಿಕ್ಕವಳು. ಒಂದು ಚಳಿಗಾಲ ಅವಳ ಮನೆಯ ಒಲೆ ಕೆಟ್ಟು, ಬೆಚ್ಚಗೆ ಕೂರಲು ನನ್ನ ಅಂಗಡಿಗೆ ಬಂದಳು. ನನ್ನ ಅಂಗಡಿಯೂ ಕೊರೆಯುತ್ತಿತ್ತು. ಕೆಳಗಿನ ನೆಲಮಾಳಿಗೆಯಲ್ಲಿ ಎರ್ಮೆಕ್ ಎಂಬ ಹುಡುಗ ನಡೆಸುವ ಕಂಪ್ಯೂಟರ್ ಕ್ಲಬ್ಬಿದೆ. ಅಷ್ಟೊಂದು ಯಂತ್ರಗಳು ಒಟ್ಟಿಗೆ ಉರಿಯುವುದರಿಂದ ಅಲ್ಲಿ ಸದಾ ಬಿಸಿ. ನಾವಿಬ್ಬರೂ ಇಳಿದುಹೋಗಿ ಮೂಲೆಯಲ್ಲಿ ಕೂತೆವು.

"ಅಕ್ಕಾ, ಇಲ್ಲಿ ಸುಮ್ನೆ ಕೂರೋ ಹಾಗಿಲ್ಲ. ಕೂತೋರು ಆಡ್ಬೇಕು" ಎಂದ ಎರ್ಮೆಕ್.

"ಆಡೋಣ ಬಿಡು, ಅದೇನು ಮಹಾ" ಎಂದಳು ಬುರುಲ್. "ಇದ್ರಲ್ಲಿ ನನ್ನ ಥರ ಇರೋರು ಯಾರಿದ್ದಾರೆ, ತೋರ್ಸು."

ಇದ್ದಳು. 'ಏಳು ಕಣಿವೆ' ಎಂಬ ಆ ಆಟದಲ್ಲಿ ಒಂದೊಂದು ಕಡೆ ಐದೈದು ಜನ. ಎರಡೂ ಕಡೆಗೆ ಒಂದೊಂದು ಕಲ್ಲಿನ ಕೋಟೆ, ಕೋಟೆಗೆ ಒಂದೇ ಬಾಗಿಲು, ಒಳಗೆ ಒಲೆಯ ಬೆಂಕಿ. ಎದುರಾಳಿಯ ಬೆಂಕಿಯನ್ನು ಕದ್ದು ತನ್ನ ಕೋಟೆಗೆ ತಂದವರು ಗೆದ್ದ ಹಾಗೆ. ಆಡಲು ಬೇಕಾದಷ್ಟು ವೇಷಗಳಿವೆ: ರೆಕ್ಕೆಯವರು, ಕತ್ತಿಯವರು, ಕರಡಿ ಮೈಯವರು. ಅವರ ನಡುವೆ ಒಬ್ಬ ಮುದುಕಿ. ತಲೆಗೆ ನಮ್ಮ ಹಿರಿಯ ಹೆಂಗಸರು ಸುತ್ತುವಂಥ ಬಿಳಿ ಮುಂಡಾಸು, ಬೆನ್ನ ಮೇಲೆ ಕಡಾಯಿ, ಕೈಯಲ್ಲಿ ಸೌಟು. ಗಾಯಗೊಂಡ ತನ್ನವರಿಗೆ ಸಾರು ಕುಡಿಸಿ ಎಬ್ಬಿಸುವುದು ಅವಳ ಕೆಲಸ. ಸೊಂಟಕ್ಕೆ ಬೆಲ್ದೆಮ್ಚಿ, ಅಂದರೆ ಮಗು ಹೆತ್ತವಳಿಗೆ ಥಂಡಿ ತಾಗದಿರಲೆಂದು ಸುತ್ತುವ ದಪ್ಪ ಲಂಗ. ಆ ಲಂಗದ ಸುತ್ತಳತೆ ನೋಡಿಯೇ ನಾನು ಹೇಳಿದೆ, ಬಟ್ಟೆ ಹೊಲಿಯುವುದನ್ನು ಬಲ್ಲವರು ಯಾರೋ ಇವಳನ್ನು ಬರೆದಿದ್ದಾರೆ ಎಂದು. ಹುಡುಗರು ಅವಳನ್ನು ಕಡಾಯಿಯಮ್ಮ ಎಂದು ಕರೆಯುತ್ತಿದ್ದರು. ಆಮೆಯ ಹಾಗೆ ನಡೆಯುತ್ತಾಳೆಂದು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ.

ಬುರುಲ್ ಅವಳನ್ನು ಕೋಟೆಯ ಬಾಗಿಲಲ್ಲಿ ಓರೆಯಾಗಿ ನಿಲ್ಲಿಸಿದಳು. ಆಮೇಲೆ ಆ ಬಾಗಿಲು ದಾಟಲು ಊರಿನ ಹುಡುಗರು ಪಟ್ಟ ಪಾಡು ನೋಡಬೇಕಿತ್ತು. ಎರ್ಮೆಕ್ ತನ್ನ ಐವರ ತಂಡದಲ್ಲಿ ಅವಳಿಗೊಂದು ಕುರ್ಚಿ ಕೊಟ್ಟ. ಸಂತೆ ಇರುವುದು ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ ಮಧ್ಯಾಹ್ನ ಆಯಿತೆಂದರೆ ಬುರುಲ್ ಆ ಕುರ್ಚಿಯಲ್ಲಿ. ಗಂಡ ತೀರಿಹೋದ ಮೇಲೆ ಅವಳು ಹಾಗೆ ಗಟ್ಟಿಯಾಗಿ ನಕ್ಕಿದ್ದನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ. ಆ ತಂಡದ ಜೊತೆ ನಮ್ಮ ಸರೋವರದ ಸುತ್ತಲಿನ ಊರುಗಳನ್ನೆಲ್ಲ ಸೋಲಿಸಿ ಬಂದಳು. ರಾಜಧಾನಿ ಬಿಷ್ಕೆಕ್‌ನ ತಂಡ ಮಾತ್ರ ಬಾಕಿ ಇತ್ತು.

ಬಿಷ್ಕೆಕ್‌ನವರು ನಮ್ಮೂರಿಗೆ ಬರುವ ವಾರದಲ್ಲೇ ಆ ಅನಾಹುತ ಆಯಿತು. ಸೋಮವಾರ ಬೆಳಿಗ್ಗೆ ಎರ್ಮೆಕ್ ಮೆಟ್ಟಿಲ ಕೆಳಗಿನಿಂದ ಕೂಗಿದ.

"ಅನಾರಕ್ಕಾ, ಸ್ವಲ್ಪ ಕೆಳಗೆ ಬನ್ನಿ. ಬುರುಲಕ್ಕ ಮಾತಾಡ್ತಾನೇ ಇಲ್ಲ."

ಹೋಗಿ ನೋಡಿದರೆ ಪರದೆಯ ಮೇಲೆ ಇಪ್ಪತ್ತರ ಒಬ್ಬ ಬಳುಕುವ ಹುಡುಗಿ. ಸೊಂಟ ಹಿಡಿಯಷ್ಟು, ಅದೂ ಬರಿಮೈ. ಬೆಲ್ದೆಮ್ಚಿಯನ್ನು ಹರಿದು ನಾಲ್ಕು ರಿಬ್ಬನ್ ಮಾಡಿ ಇಳಿಬಿಟ್ಟಿದ್ದರು. ಕಡಾಯಿ ಕೈಚೀಲದಷ್ಟಾಗಿತ್ತು. ಮುಂಡಾಸನ್ನು ಮಾತ್ರ ಹಾಗೇ ಉಳಿಸಿದ್ದರು, ಮೊಮ್ಮಕ್ಕಳನ್ನು ಕಂಡ ಹೆಂಗಸಿನ ಮುಂಡಾಸು ಆ ಎಳೆಯ ತಲೆಯ ಮೇಲೆ. ನನಗೆ ಮೈ ಉರಿದುಹೋಯಿತು. ಒಂದು ರವಿಕೆಯ ತೋಳು ಬದಲಿಸಬೇಕೆಂದರೂ ನಾನು ಗಿರಾಕಿಯನ್ನು ಒಂದು ಮಾತು ಕೇಳುತ್ತೇನೆ. ಇವರು ಯಾರನ್ನು ಕೇಳಿದ್ದರು?

"ಇವಳ್ಯಾರು?" ಬುರುಲ್ ಕೊನೆಗೂ ಬಾಯಿಬಿಟ್ಟಳು.

"ಅವಳೇ ಅಕ್ಕಾ. ಕಂಪನಿಯೋರು ಹೊಸ ರೂಪ ಕೊಟ್ಟಿದ್ದಾರೆ. ಸಾರು ತೆಗೆದ್ಬಿಟ್ಟಿದ್ದಾರೆ. ಈಗ ಅವಳು ಹಾರ್ತಾಳೆ."

"ಹಾರಿ ಎಲ್ಲಿಗೆ ಹೋಗ್ತಾಳೆ? ಬಾಗ್ಲು ಯಾರು ನೋಡ್ಕೋತಾರೆ?"

ಎರ್ಮೆಕ್ ಕಂಪನಿಗೆ ದೂರು ಬರೆಯಲು ಕೂತ. ಬುರುಲ್ ಹಿಂದೆ ನಿಂತು ಹೇಳಿಕೊಟ್ಟಳು: "ನಿಮ್ಮ ಮನೇಲಿ ಅಜ್ಜಿ ಇಲ್ವಾ ಅಂತ ಬರಿ. ಇದ್ರೆ ಅವಳಿಗೂ ಹೊಟ್ಟೆ ಕಾಣೋ ಬಟ್ಟೆ ಹಾಕ್ಸಿದ್ದೀರಾ ಅಂತ ಕೇಳು." ಸಂಜೆಗೆ ಉತ್ತರ ಬಂತು. ನಿಮ್ಮ ಪ್ರೀತಿಗೆ ಧನ್ಯವಾದ, ಹೊಸ ನಾಯಕಿಯೊಂದಿಗೆ ಸಂತೋಷವಾಗಿ ಆಡಿ, ಎಂದು. ಯಂತ್ರ ಬರೆದ ಉತ್ತರ ಎಂದ ಎರ್ಮೆಕ್. ಮನುಷ್ಯರಾಗಿದ್ದರೆ ಅಷ್ಟು ನಾಚಿಕೆಗೆಟ್ಟು ಬರೆಯಲು ಆಗುತ್ತಿರಲಿಲ್ಲ ಬಿಡಿ.

ಬುರುಲ್ ಹಾರಲು ಪ್ರಯತ್ನಪಟ್ಟಳು. ಗುಂಡಿ ಒತ್ತಿದರೆ ಹುಡುಗಿ ಗೋಡೆ ದಾಟಿ ಹಾರಿ ಹಳ್ಳಕ್ಕೆ ಬೀಳುತ್ತಿದ್ದಳು. ಬೇರೆ ವೇಷ ಹಾಕಿ ನೋಡಿದಳು. ಬಿಲ್ಲುಗಾತಿಯಾದಾಗ ತನ್ನವರಿಗೇ ಬಾಣ ಬಿಟ್ಟಳು. ಮಂಗಳವಾರ, ಬುಧವಾರ ಎರಡೂ ದಿನ ಸೋಲಿನ ಮೇಲೆ ಸೋಲು. ಬುಧವಾರ ಸಂಜೆ ಎರ್ಮೆಕ್ ಅವಳನ್ನು ಹುಡುಕಿಕೊಂಡು ನನ್ನ ಅಂಗಡಿಗೆ ಬಂದ. ಟೋಪಿ ಕೈಯಲ್ಲಿ ಹಿಡಿದಿದ್ದ, ಅದನ್ನು ನೋಡಿಯೇ ನನಗೆ ವಿಷಯ ತಿಳಿಯಿತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಶನಿವಾರ ಆಟ. ನಿಮ್ಮ ಕುರ್ಚೀಲಿ ದಾಸ್ತಾನ್ ಕೂರ್ಲಿ."

ದಾಸ್ತಾನ್ ಎಂದರೆ ಆರನೆಯವನಾಗಿ ಕಾಯುತ್ತಿದ್ದ ಹುಡುಗ, ಕಡ್ಡಿಯಂಥವನು, ಕೈ ಮಾತ್ರ ಮಿಂಚು.

"ನಾನೆಲ್ಲಿ ಕೂರ್ಲಿ?" ಎಂದಳು ಬುರುಲ್.

"ನಮ್ಮ ಹಿಂದೆನೇ. ಜೋರಾಗಿ ಚಪ್ಪಾಳೆ ಹೊಡೀರಿ, ನಮಗೂ ಧೈರ್ಯ."

"ಚಪ್ಪಾಳೆ ಹೊಡಿಯೋಕೆ ನಾನೇನು ಮದುವೆಗೆ ಬಂದಿದ್ದೀನಾ? ನಾಳೆ ಒಂದಿನ ಕೊಡು. ನಾಳೇನೂ ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಹೋಗ್ತೀನಿ, ನೀನು ಹೇಳ್ಬೇಕಾಗಿಲ್ಲ."

ಅವನು ಹೋದ ಮೇಲೆ ಅವಳು ನನ್ನ ಇಸ್ತ್ರಿ ಮೇಜಿನ ಪಕ್ಕ ಬಂದು ಕೂತಳು. "ಸಂತೇಲಿ ನನ್ನ ಬೇಕು ಅನ್ನೋದು ಚೀಟಿಗೋಸ್ಕರ. ಇಲ್ಲಿ ನನ್ನನ್ನೇ ಬೇಕು ಅಂದಿದ್ರು ಕಣೇ" ಎಂದಳು. ನಾನು ಚಹಾ ಬಗ್ಗಿಸಿ ಕೊಟ್ಟೆ. ನನ್ನಿಂದ ಇನ್ನೇನಾಗುತ್ತಿತ್ತು?

ಗುರುವಾರ ತಂಡದ ಅಂಗಿಗಳ ಅಳತೆ ನೋಡಲು ನಾನೂ ಕೆಳಗಿಳಿದಿದ್ದೆ. ಅಭ್ಯಾಸದ ಆಟ ನಡೆದಿತ್ತು, ದಾಸ್ತಾನ್ ಎದುರಾಳಿಗಳ ಕಡೆ. ಅವನು ಕುದುರೆ ಸವಾರನ ವೇಷದಲ್ಲಿ ಕೋಟೆಯತ್ತ ನುಗ್ಗಿ ಬಂದ. ಬುರುಲ್ ಆ ಗಾಬರಿಯಲ್ಲಿ ಹಾರಬೇಕೆನ್ನುವುದನ್ನೇ ಮರೆತಳು. ಕೈ ತನ್ನ ಪಾಡಿಗೆ ತಾನು ಹಳೇ ಕೆಲಸ ಮಾಡಿತು, ಹುಡುಗಿಯನ್ನು ಬಾಗಿಲಲ್ಲಿ ಓರೆಯಾಗಿ ನಿಲ್ಲಿಸಿತು. ನಕ್ಕುಬಿಟ್ಟರು ಎಲ್ಲರೂ. ಅವಳ ಎರಡೂ ಪಕ್ಕದಲ್ಲಿ ಗಾಡಿ ಹೋಗುವಷ್ಟು ಜಾಗವಿತ್ತು.

ದಾಸ್ತಾನ್‌ನ ಕುದುರೆ ಆ ಜಾಗದಲ್ಲಿ ನುಗ್ಗಿ, ಗೋಡೆಗೆ ಬಡಿದ ಹಾಗೆ ನಿಂತುಬಿಟ್ಟಿತು.

"ಏನ್ ಒತ್ತಿದ್ರಿ ಅಕ್ಕಾ?"

"ಏನೂ ಒತ್ತಿಲ್ಲ. ನಿಂತಿದ್ದೀನಿ."

ಅವನು ಇನ್ನೊಂದು ಪಕ್ಕಕ್ಕೆ ಬಂದ. ಬುರುಲ್ ಸೊಂಟ ತಿರುಗಿಸಿದಳು. ಬರಿಗಾಳಿಗೆ ಡಿಕ್ಕಿ ಹೊಡೆದು ಕುದುರೆ ಮತ್ತೆ ನಿಂತಿತು. ಹುಡುಗರು ಯಂತ್ರ ಕೆಟ್ಟಿತೆಂದು ತಂತಿ ಎಳೆದು ನೋಡತೊಡಗಿದರು. ನಾನು ಮೂವತ್ತು ವರ್ಷ ಮರದ ಗೊಂಬೆಗೆ ಬಟ್ಟೆ ತೊಡಿಸಿದವಳು, ನನಗೆ ತಟ್ಟನೆ ಹೊಳೆಯಿತು.

"ಲೇ ಎರ್ಮೆಕ್, ಮೇಲಿನ ಬಟ್ಟೆ ಮಾತ್ರ ಬದಲಾಯ್ಸಿದ್ದಾರೆ ಕಣೋ. ಒಳಗಿನ ಗೊಂಬೆ ಹಳೇದೇ. ಅಳತೆ ತೆಗೆಯೋಕೇ ಮರೆತಿದ್ದಾರೆ, ಸೋಮಾರಿಗಳು."

ಎರ್ಮೆಕ್ ಸುತ್ತಲೂ ಬಂದು, ಕತ್ತಿಯಿಂದ ತಿವಿದು ಪರೀಕ್ಷಿಸಿದ. ನಿಜ. ಕಣ್ಣಿಗೆ ಕಾಣುವ ಹುಡುಗಿಯ ಸುತ್ತ ಕಣ್ಣಿಗೆ ಕಾಣದ ಕಡಾಯಿಯಮ್ಮ ಬೆಲ್ದೆಮ್ಚಿ ಸಮೇತ ಹಾಗೇ ನಿಂತಿದ್ದಳು. ಬುರುಲ್ ಪರದೆಯನ್ನು ಕೈಯಿಂದ ಸವರಿ, "ಹೋಗಿಲ್ಲ ಇವಳು, ಇಲ್ಲೇ ಇದ್ದಾಳೆ" ಎಂದಳು. ಅವಳ ಕಣ್ಣು ತುಂಬಿತು, ನನ್ನದೂ.

"ಆದ್ರೆ ಇದು ಮೋಸ ಆಗಲ್ವಾ?" ಎಂದ ದಾಸ್ತಾನ್. ಕುರ್ಚಿ ಕೈತಪ್ಪುವ ಹುಡುಗ ಕೇಳಿದ್ದು, ಆದರೂ ಕೇಳಬೇಕಾದ ಮಾತೇ.

"ಹೇಳಿಬಿಡೋಣ" ಎಂದಳು ಬುರುಲ್. "ಕದ್ದು ನಿಲ್ಲೋದು ನನಗೆ ಬರಲ್ಲ. ಎಲ್ಲರ ಮುಂದೆ ಹೇಳು, ಆಮೇಲೆ ನಿಲ್ತೀನಿ."

ಶನಿವಾರ ಸಂಸ್ಕೃತಿ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ದನದ ಸಂತೆಯ ವ್ಯಾಪಾರಿಗಳು ಬಿಳಿ ಟೋಪಿ ಹಾಕಿಕೊಂಡು ಮುಂದಿನ ಸಾಲು ಹಿಡಿದು ಕೂತಿದ್ದರು. ಅವರಿಗೆ ಆಟದ ತಲೆಬುಡ ಗೊತ್ತಿರಲಿಲ್ಲ, ಬುರುಲ್ ಬಾಗಿಲಲ್ಲಿ ನಿಲ್ಲುತ್ತಾಳೆ ಎಂಬುದಷ್ಟೇ ಗೊತ್ತಿತ್ತು. ಎರ್ಮೆಕ್ ತೀರ್ಪುಗಾರರನ್ನೂ ಬಿಷ್ಕೆಕ್ ತಂಡದ ನಾಯಕನನ್ನೂ ಕರೆದು ಗುಟ್ಟನ್ನು ಬಿಚ್ಚಿ ತೋರಿಸಿದ. ಆಟ ಹೇಗಿದೆಯೋ ಹಾಗೆ, ಇಬ್ಬರಿಗೂ ಒಂದೇ, ಎಂದರು ತೀರ್ಪುಗಾರರು. ಬಿಷ್ಕೆಕ್‌ನ ನಾಯಕ ತಿಮುರ್ ನಕ್ಕ.

"ನಿಲ್ಲೋದು ತಾನೇ? ನಾವೂ ನಿಲ್ತೀವಿ ಬಿಡಿ" ಎಂದ.

ಮೂರು ಸುತ್ತಿನ ಆಟದಲ್ಲಿ ಮೊದಲ ಸುತ್ತು ಅವರದಾಯಿತು. ಬುರುಲ್ ಒಮ್ಮೆ ಕೈತಪ್ಪಿ ಹಾರುವ ಗುಂಡಿ ಒತ್ತಿ ಹಳ್ಳಕ್ಕೆ ಬಿದ್ದಳು, ಅವಳಿಲ್ಲದ ಬಾಗಿಲಲ್ಲಿ ಬೆಂಕಿ ಹೊರಗೆ ಹೋಯಿತು. ದಾಸ್ತಾನ್ ಕುರ್ಚಿಯ ಹಿಂದೆಯೇ ನಿಂತಿದ್ದ. ಎರ್ಮೆಕ್ ಒಮ್ಮೆ ಅವನ ಕಡೆ, ಒಮ್ಮೆ ಬುರುಲ್ ಕಡೆ ನೋಡಿದ. ಅವಳು ತಿರುಗಿಯೂ ನೋಡದೆ ಹೇಳಿದಳು: "ಆ ಹಾರೋ ಗುಂಡಿ ಮೇಲೆ ಏನಾದ್ರೂ ಅಂಟಿಸಿಬಿಡು. ಇನ್ನು ನಾನು ಅದನ್ನ ಮುಟ್ಟಲ್ಲ." ನನ್ನ ಬಳಿಯಿದ್ದ ಬಟ್ಟೆಯ ಪಟ್ಟಿಯನ್ನೇ ಕತ್ತರಿಸಿ ಅಂಟಿಸಿದೆವು.

ಎರಡನೆಯ ಸುತ್ತಿನಲ್ಲಿ ಬಿಷ್ಕೆಕ್‌ನವರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ನಿಂತರು. ಸುತ್ತು ನಮ್ಮದಾಯಿತು. ಮೂರನೆಯದಕ್ಕೆ ತಿಮುರ್ ತಾನೇ ಆ ಹುಡುಗಿಯ ವೇಷ ಹಾಕಿ ತನ್ನ ಕೋಟೆಯ ಬಾಗಿಲಲ್ಲಿ ನಿಂತ. ನಿಂತದ್ದು ಹೇಗೆ? ಎದೆಯುಬ್ಬಿಸಿ, ನೆಟ್ಟಗೆ, ಪೊಲೀಸಿನವನ ಹಾಗೆ. ಮುಂದಿನ ಸಾಲಿನ ಕುರಿ ವ್ಯಾಪಾರಿಯೊಬ್ಬ ಜೋರಾಗಿ ನಕ್ಕು, "ಇವನ ದೊಡ್ಡಿ ಬೆಳಿಗ್ಗೆ ಹೊತ್ತಿಗೆ ಖಾಲಿ" ಎಂದ. ನಮ್ಮ ಇಬ್ಬರು ಒಂದು ಪಕ್ಕದಲ್ಲಿ ಒತ್ತಿದರು, ತಿಮುರ್ ಪೂರ್ತಿ ಆ ಕಡೆ ವಾಲಿದ, ಎರ್ಮೆಕ್ ಇನ್ನೊಂದು ಪಕ್ಕದಲ್ಲಿ ಜಾರಿ ಬೆಂಕಿ ಎತ್ತಿಕೊಂಡ.

ಆದರೆ ಅಷ್ಟರಲ್ಲಿ ಅವರ ಮೂವರು ಒಟ್ಟಿಗೆ ನಮ್ಮ ಬಾಗಿಲಿಗೆ ಬಂದಿದ್ದರು. ಒಳಗೆ ನಮ್ಮ ಬೆಂಕಿ, ಬಾಗಿಲಲ್ಲಿ ಬುರುಲ್ ಒಬ್ಬಳೇ. ಪರದೆಯ ಮೇಲೆ ಕಾಣುವುದು ಗಾಳಿಗೆ ಹಾರುವಂಥ ಒಂದು ಹುಡುಗಿ, ಎದುರಿಗೆ ಮೂರು ದೈತ್ಯರು. ಅವಳು ಅರ್ಧ ಹೆಜ್ಜೆ ಬಿಟ್ಟಳು, ಮೂವರೂ ಅಲ್ಲಿಗೆ ನುಗ್ಗಿದರು, ಅವಳು ತಿರುಗಿದಳು. ಮೂವರೂ ಒಬ್ಬರಿಗೊಬ್ಬರು ತಗುಲಿಕೊಂಡು ನಿಂತರು. ಮತ್ತೆ ಬಿಟ್ಟಳು, ಮತ್ತೆ ತಿರುಗಿದಳು. ಕುರ್ಚಿಯಲ್ಲಿ ಕೂತಿದ್ದ ಬುರುಲ್‌ನ ಸ್ವಂತ ಸೊಂಟವೂ ಜೊತೆಜೊತೆಗೇ ತಿರುಗುತ್ತಿತ್ತು, ಕುರ್ಚಿ ಕಿರುಗುಟ್ಟುತ್ತಿತ್ತು. ಸಂತೆಯವರು ಎದ್ದುನಿಂತು ಭಾನುವಾರ ಕೂಗುವ ಹಾಗೆಯೇ, "ಬಿಡಬೇಡ ಬುರುಲ್, ಚೀಟಿ ಕೇಳು" ಎಂದು ಕೂಗುತ್ತಿದ್ದರು. ಎರ್ಮೆಕ್ ಬೆಂಕಿಯೊಂದಿಗೆ ಓಡಿ ಬಂದ. ಬುರುಲ್ ಅವನೊಬ್ಬನಿಗೆ ಮಾತ್ರ ದಾರಿ ಬಿಟ್ಟು ಬಾಗಿಲು ಮುಚ್ಚಿದಳು. ಕರಾಕೋಲ್ ಗೆದ್ದಿತು. ನಾನು ಪಕ್ಕದಲ್ಲಿ ಕೂತಿದ್ದ ಗುರುತೇ ಇಲ್ಲದ ಗಂಡಸನ್ನು ತಬ್ಬಿಕೊಂಡುಬಿಟ್ಟೆ.

ಸಂತೆಯವರು ಕುರಿ ಕೊಟ್ಟರು. ಎರ್ಮೆಕ್‌ನ ಮನೆಯಲ್ಲಿ ಊಟ, ಬಿಷ್ಕೆಕ್‌ನ ಹುಡುಗರನ್ನೂ ಬಿಡದೆ ಎಳೆತಂದಿದ್ದರು. ಬೆಂದ ಮಾಂಸವನ್ನು ಯಾರಿಗೆ ಯಾವ ತುಂಡು ಎಂದು ಹಂಚುವಾಗ ನಮ್ಮಲ್ಲಿ ತಮಾಷೆ ನಡೆಯುವುದಿಲ್ಲ. ಬಾಲದ ಕೊಬ್ಬಿನ ಸಮೇತ ಇರುವ ಹಿಂಭಾಗದ ದೊಡ್ಡ ತುಂಡು ಕೂಟದಲ್ಲಿ ಹಿರಿಯ ಹೆಂಗಸಿಗೆ ಸಲ್ಲಬೇಕು. ವಯಸ್ಸಿನ ಲೆಕ್ಕದಲ್ಲಿ ಅದು ನನ್ನದು, ನಾನು ಕೈ ಮುಂದೆ ಚಾಚಿಯೂ ಆಗಿತ್ತು. ಎರ್ಮೆಕ್ ತಟ್ಟೆ ಹಿಡಿದು ನನ್ನನ್ನು ದಾಟಿಹೋಗಿ ಬುರುಲ್‌ನ ಮುಂದೆ ಮಂಡಿಯೂರಿದ.

"ಅಕ್ಕಾ, ಇದು ನಿಮ್ದು" ಎಂದ. "ನಾಳೆ ಅವರು ಆ ಹುಡುಗಿ ಸೊಂಟಾನ ನಿಜವಾಗ್ಲೂ ಸಣ್ಣ ಮಾಡ್ಲಿ, ಬೇಕಾದ್ರೆ ಅವಳನ್ನೇ ತೆಗೆದುಹಾಕ್ಲಿ. ಏನೇ ವೇಷ ಕೊಟ್ರೂ ನಮ್ಮ ಬಾಗ್ಲಲ್ಲಿ ನಿಲ್ಲೋದು ನೀವೇ. ಆ ಕುರ್ಚಿ ಇನ್ನು ಯಾರಿಗೂ ಕೊಡಲ್ಲ."

ಬುರುಲ್ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಆಮೇಲೆ ಚಾಕು ತೆಗೆದುಕೊಂಡು ಆ ಬಿಳಿ ಕೊಬ್ಬನ್ನು ದಪ್ಪ ದಪ್ಪ ಹೋಳು ಮಾಡಿ, ಮೊದಲನೆಯದನ್ನು ಕಡ್ಡಿಯಂಥ ದಾಸ್ತಾನ್‌ನ ಬಾಯಿಗೆ ಹಿಡಿದಳು.

"ತಿನ್ನು" ಎಂದಳು. "ಬಾಗ್ಲಲ್ಲಿ ನಿಲ್ಲೋದು ಹೇಗೆ ಅಂತ ಸೋಮವಾರದಿಂದ ಹೇಳ್ಕೊಡ್ತೀನಿ."