ವೈನಿಯ ತೋಟದಲ್ಲಿ ಕಂಬದ ಸಾಲು

ಹೋದ ತಿಂಗಳು ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಹಾನಗಲ್ಲಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಯಾರೋ ಬುಟ್ಟಿ ಇಳಿಸಿ, ಮೇಲೆ ಹೊದಿಸಿದ್ದ ಒದ್ದೆ ಗೋಣಿತಟ್ಟು ಸರಿಸಿದರು. ಹಸಿ ವೀಳ್ಯದೆಲೆಯ ಘಾಟು, ಅದರ ಜೊತೆಗೆ ನೆನೆದ ಸೆಣಬಿನ ವಾಸನೆ... ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಸವಣೂರಿನ ಬಸ್ಸಿಗೆ ನಿಂತೆ.

ಬಹಳ ವರ್ಷಗಳ ಹಿಂದೆ ಸವಣೂರಿನಲ್ಲಿ ನಾನು ತಾಲ್ಲೂಕು ವರದಿಗಾರನಾಗಿದ್ದೆ. ಬಾಡಿಗೆಗಿದ್ದ ಮನೆಯ ಒಡತಿಗೆ ಊರ ಹೊರಗೆ ಎಲೆಬಳ್ಳಿಯ ತೋಟವಿತ್ತು. ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಸೇರಿ ಅದನ್ನು ನಡೆಸುತ್ತಿದ್ದರು. ಅಣ್ಣನ ಹೆಂಡತಿ ಎಂದು ಮೈದುನ ಅವರನ್ನು ‘ವೈನಿ’ ಎನ್ನುತ್ತಿದ್ದ. ಓಣಿಯವರೂ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ.

ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ. ಮೊದಲ ದಿನ ಬೂಟು ಹಾಕಿಕೊಂಡೇ ಹೊರಟ ನನ್ನನ್ನು ವೈನಿ ತಡೆದಿದ್ದರು.

“ಪೇಪರಿನವರ, ನಿಮ್ಮ ಬೂಟು ಹೊರಗ ಕಾವಲಿರ್ಲಿ. ನೀವಷ್ಟ ಒಳಗ ಬರ್ರಿ.”

ಒಳಗೆ ನುಗ್ಗೆ ಮರಗಳ ಸಾಲು, ನಡುನಡುವೆ ಚೊಗಚೆ. ಒಂದೊಂದು ಮರಕ್ಕೂ ಒಂದೊಂದು ಬಳ್ಳಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಅಲ್ಲಿ ಕಾಲಿಗೆ ನೆಲ ತಣ್ಣಗೆ ತಾಗುತ್ತಿತ್ತು. ನೆರಳು ಹೆಚ್ಚಾದಾಗ ಸವರಿದ ಸೊಪ್ಪು ಮೈದುನ ಸಾಕಿದ ಆಡುಗಳಿಗೆ ಹೋಗುತ್ತಿತ್ತು, ಆಡುಗಳ ಹಿಕ್ಕೆ ಬಳ್ಳಿಯ ಬುಡಕ್ಕೆ ಬರುತ್ತಿತ್ತು. ಇದನ್ನು ಅಲ್ಲಿ ಯಾರೂ ವಿಶೇಷವೆಂದು ಹೇಳಿಕೊಳ್ಳುತ್ತಿರಲಿಲ್ಲ. ಮುಂಜಾನೆಯ ಕೆಲಸ, ಅಷ್ಟೆ.

ಒಂದು ಮಳೆಗಾಲ ನುಗ್ಗೆಗೆ ಕಂಬಳಿಹುಳ ಬಿತ್ತು. ಹಗಲೆಲ್ಲ ಕಾಂಡಕ್ಕೆ ಗುಂಪಾಗಿ ಅಂಟಿಕೊಂಡಿರುತ್ತಿದ್ದವು. ಬೇರೆ ಕಡೆಯಾದರೆ ದೀವಟಿಗೆ ಹಿಡಿದು ಸುಡುತ್ತಾರೆ. ಇಲ್ಲಿ ಅದೇ ಕಾಂಡಕ್ಕೆ ಬಳ್ಳಿ ಹಬ್ಬಿತ್ತು. ಔಷಧ ಹೊಡೆಯೋಣವೆಂದರೆ, ಕೊಯ್ದ ಎಲೆ ನೇರವಾಗಿ ಜನರ ಬಾಯಿಗೆ ಹೋಗುವಂಥದ್ದು. ಮೈದುನನ ಎರಡೂ ತೋಳು ತುರಿಕೆಯಿಂದ ಬಾತಿದ್ದವು.

“ವೈನಿ, ಈ ನುಗ್ಗಿ ಗಿಡಾ ಕಡದು ಸಿಮೆಂಟ್ ಕಂಬ ನಿಲ್ಸೂಣು. ಕಂಬಕ್ಕ ಹುಳಾ ಹತ್ತೂದಿಲ್ಲ.”

“ಕಂಬದ ಸೊಪ್ಪು ನಿನ್ನ ಆಡು ತಿಂತಾವೇನ?”

“ಆಡು ಮಾರೂಣು.”

“ಆಮ್ಯಾಲ ಗೊಬ್ಬರಕ್ಕ ಬಳ್ಳಿ ಬುಡದಾಗ ನಿನ್ನ ಕುಂಡ್ರಸ್ಲ್ಯಾ?”

ಅಲ್ಲಿದ್ದ ನಾವೆಲ್ಲ ನಕ್ಕೆವು, ಆತ ನಗಲಿಲ್ಲ. ಅಕ್ಕಪಕ್ಕದವರು ಆಗಲೇ ಬಳ್ಳಿ ಕಿತ್ತು ಗೋವಿನಜೋಳ ಹಾಕಿದ್ದರು. ಕಂಬ ಬೇಡವೆಂದರೆ ತಾನೂ ಬಳ್ಳಿ ಕಿತ್ತು ಹಾಕುತ್ತೇನೆ, ಇಲ್ಲವೇ ತೋಟದ ಕೆಲಸ ಬಿಡುತ್ತೇನೆ ಎಂದ. ಆತ ಬಿಟ್ಟರೆ ವೈನಿಯೊಬ್ಬರಿಂದ ತೋಟ ಸಾಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ವೈನಿ, “ಅಂಚಿನ ಸಾಲು ನಿಂದು. ಬ್ಯಾಸಗಿ ದಾಟಿ ಕಂಬ ಗೆದ್ರ ಉಳಿದ ಗಿಡಾ ಕಡ್ಯಾಕ ಕೊಡ್ಲಿ ನಾನ ತಂದು ಕೊಡ್ತೇನಿ” ಎಂದರು.

ಅಂಚಿನ ಸಾಲಿನ ನುಗ್ಗೆ ಹೋಗಿ ಕಂಬ ಬಂದವು. ಉಳಿದ ಸಾಲುಗಳಲ್ಲಿ ವೈನಿ ಕಸಬರಿಗೆಯಿಂದ ಹುಳ ಕೆರೆದು ಸಾಬೂನು ನೀರಿನ ಬಕೀಟಿಗೆ ಬೀಳಿಸಿದರು. ಬೇಲಿಯಿಂದ ಒಂದು ರತ್ನಪಕ್ಷಿ ಇಳಿದು ಬರುತ್ತಿತ್ತು, ಗೊರವಂಕಗಳೂ ಬರುತ್ತಿದ್ದವು. ಎಷ್ಟು ಹುಳ ಹಕ್ಕಿಗಳ ಪಾಲಾದವು, ಎಷ್ಟು ಬಕೀಟಿನ ಪಾಲಾದವು ಎಂದು ನಾನು ಹೇಳಲಾರೆ. ಮರಗಳಂತೂ ಬೋಳಾದವು. ಮಳೆ ಹಿಡಿದ ಮೇಲೆ ಮತ್ತೆ ಚಿಗುರಿದವು.

ಚಳಿಗಾಲವೆಲ್ಲ ಕಂಬದ ಸಾಲೇ ಮುಂದಿತ್ತು. ಎಲೆ ಅಗಲವಾಗಿ ಬಂದಿತ್ತು. ಮೈದುನ ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತಿದ್ದ. ವೈನಿ ಸೋತರೆಂದೇ ನಾನು ತಿಳಿದಿದ್ದೆ.

ಬೇಸಿಗೆ ಬಂತು. ಮಧ್ಯಾಹ್ನಕ್ಕೆ ಕಂಬ ಮುಟ್ಟಲಾಗದಷ್ಟು ಕಾಯುತ್ತಿತ್ತು. ಬಳ್ಳಿಯ ಸಣ್ಣ ಬೇರುಗಳು ಹಿಡಿತ ಬಿಟ್ಟವು. ಎಲೆಯ ಅಂಚು ಸುಟ್ಟು, ಬಳ್ಳಿಗಳು ಕಟ್ಟಿದ ದಾರಕ್ಕೇ ಜೋತುಬಿದ್ದವು. ಮೈದುನ ಆ ಸಾಲಿನ ಕಡೆ ಹೋಗುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ನಾನು ಹೋದಾಗ ವೈನಿ ಒಬ್ಬರೇ ಅಲ್ಲಿದ್ದರು. ನೀರಿನಲ್ಲಿ ಅದ್ದಿದ ಗೋಣಿತಟ್ಟನ್ನು ಬಳ್ಳಿ ಮತ್ತು ಕಂಬದ ನಡುವೆ ತೂರಿಸಿ ಸುತ್ತುತ್ತಿದ್ದರು.

“ಗೆದ್ರಿ ಬಿಡ್ರಿ ವೈನಿ” ಎಂದೆ.

“ಗೆದ್ದು ಏನ ಮಾಡೂದೈತ್ರಿ? ಸಾಯಾಕತ್ತಿದ್ದು ನಮ್ಮ ಬಳ್ಳಿನ ಅಲ್ಲೇನ್ರಿ?” ಇನ್ನೊಂದು ತಟ್ಟು ಹಿಂಡಿ ನನ್ನ ಕೈಗೆ ಕೊಟ್ಟರು. “ಅವಂಗ ಏನೂ ಅನ್ನಬ್ಯಾಡ್ರಿ ಮತ್ತ. ನಾಚಿಕಿಗೆ ಬಿಟ್ಟು ಹ್ವಾದಾನು.”

ನಾನು ಏನೂ ಅನ್ನಲಿಲ್ಲ. ಮನೆಯಲ್ಲಿ ಯಾರೂ ಅನ್ನಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಆತನೇ ಚಕ್ಕಡಿಯಲ್ಲಿ ನುಗ್ಗೆಯ ಟೊಂಗೆಗಳನ್ನು ಹೇರಿಕೊಂಡು ಬಂದು, ಒಂದೊಂದು ಕಂಬದ ಪಕ್ಕ ಒಂದೊಂದು ನೆಟ್ಟ.

“ಹುಳಾ ಬರ್ತಾವಪಾ ಮತ್ತ” ಎಂದರು ವೈನಿ.

“ಬರ್ಲಿ ಬಿಡ್ರಿ. ನಿಮ್ಮ ಕಸಬರಿಗಿ ಐತಿ, ಹಕ್ಕಿ ಅದಾವು, ನಾ ಅದೇನಿ.”

ವೈನಿ ಅದಕ್ಕೆ ಏನೋ ಹೇಳಿದರು. ಅವರ ನಗು ನೆನಪಿದೆ, ಮಾತು ನೆನಪಿಲ್ಲ... ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು.

ಹೋದ ತಿಂಗಳು ಆ ಬಸ್ಸಿನಿಂದ ಸವಣೂರಿನಲ್ಲಿ ಇಳಿದು ತೋಟದ ದಾರಿ ಹಿಡಿದರೆ ಎರಡೂ ಬದಿಗೆ ಗೋವಿನಜೋಳ. ಅದರ ಕೊನೆಗೆ ತೋಟ ಇತ್ತು. ಮೊದಲಿಗಿಂತ ಕಿರಿದಾಗಿತ್ತು, ಆದರೂ ಇತ್ತು. ತಲೆ ಪೂರ್ತಿ ನರೆತ ಮೈದುನ ಏಣಿಯ ಮೇಲಿದ್ದ. ಗುರುತು ಹಿಡಿದು, ನಾನು ಕೇಳುವ ಮೊದಲೇ ಹೇಳಿದ: “ವೈನಿ ಹ್ವಾದ ವರ್ಷ ತೀರಿಕೊಂಡ್ರು ರೀ. ನಿಮಗ ತಿಳಸಾಕ ಆಗ್ಲಿಲ್ಲ.”

ನಾನು ಬೇಲಿಯ ಹೊರಗೇ ಇದ್ದೆ; ಆತ ಮತ್ತೆ ಬಳ್ಳಿಯ ಕಟ್ಟು ಬಿಚ್ಚತೊಡಗಿದ.

“ಎಲ್ಲಾ ಕಿತ್ತು ಗೋವಿನಜೋಳ ಹಾಕೂಣು ಅಂತಾನ ನನ್ನ ಮಗಾ. ನಾ ಇರೂತನಕ ಬ್ಯಾಡ ಅಂದೇನಿ” ಎಂದ.

ಆಗ ಬಳ್ಳಿ ಇಳಿಸುವ ಕೆಲಸ ನಡೆದಿತ್ತು. ಕೈಗೆಟುಕದಷ್ಟು ಮೇಲೇರಿದ ಬಳ್ಳಿಯನ್ನು ಮರದಿಂದ ಬಿಡಿಸಿ, ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಬೇಕು; ತುದಿಯನ್ನು ಮತ್ತೆ ಮರಕ್ಕೆ ಕಟ್ಟಬೇಕು. ಏಣಿಯ ಮೇಲೊಬ್ಬರು, ಕೆಳಗೊಬ್ಬರು ಬೇಕಾದ ಕೆಲಸ. ಆತ ಒಂದು ಬಳ್ಳಿ ಬಿಡಿಸಿ, ತಿರುಗಿ ನೋಡದೆ ಕೆಳಗೆ ಚಾಚಿದ.

“ಹಿಡೀರಿ ವೈ...”

ಅಲ್ಲಿಗೇ ನಿಲ್ಲಿಸಿದ. ನಾನು ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಬಳ್ಳಿ ಹಿಡಿದೆ. ಸುರುಳಿ ಬಿಗಿಯಾಯಿತೆಂದು ಎರಡು ಸಲ ಬಿಚ್ಚಿಸಿದ. ಮೂರನೆಯದು ಆದೀತು ಎಂದ. ಸಂಜೆಯವರೆಗೆ ಆ ಸಾಲು ಮುಗಿಸಿದೆವು.