ಅರಿಶಿನ ಹಾಕಿದ ಅಣಬೆ

ನಮ್ಮ ಮನೆ ಮುಂದಿನ ಲಾನಿನ ಮೇಲೆ ಮೊಮ್ಮಗಳು ಅಂಬೆಗಾಲಿಡುವುದನ್ನು ನೋಡಬೇಕು, ಇದೊಂದೇ ನನ್ನ ಆಸೆ. ಚಾಮರಾಜನಗರದ ಬಿಸಿಲಿನಲ್ಲಿ ಹುಲ್ಲಿಗೆ ನೀರು ಹಾಯಿಸುತ್ತಾ ಕೂತ ನನ್ನನ್ನು ಕಂಡು ಬೀದಿಯವರು, "ಯಾವ ಹಸ ಮೇಯ್ಸಕ್ಕೆ ಸಾರ್ ಇದು?" ಎಂದು ಕೇಳುತ್ತಿದ್ದರು. ಇವರಿಗೇನು ಗೊತ್ತು ಎಂದು ಪೈಪನ್ನು ಇನ್ನೊಂದು ಮೂಲೆಗೆ ತಿರುಗಿಸುತ್ತಿದ್ದೆ.

ಗುಂಡ್ಲುಪೇಟೆಗೆ ಮದುವೆಯಾಗಿ ಹೋದ ಮಗಳು ಮಗುವನ್ನು ಕರೆತರುವ ವಾರವೇ ಮಳೆ ಹಿಡಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಲಾನಿನ ನಡುವೆ ಬಳೆಯ ಹಾಗೆ ದುಂಡಗೆ ಅಣಬೆ ಎದ್ದಿವೆ. ವಿಡಿಯೋ ಕಾಲಿನಲ್ಲಿ ಹುಲ್ಲು ತೋರಿಸುವ ಹುಮ್ಮಸ್ಸಿನಲ್ಲಿ ಅದನ್ನೂ ತೋರಿಸಿಬಿಟ್ಟೆ.

"ಅಪ್ಪಾಜಿ, ಇವಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋತಾಳೆ. ಅದು ಇರೋವರ್ಗೂ ನಾನು ಬರಲ್ಲ" ಎಂದಳು ಮಗಳು.

ಕಿತ್ತೆ. ಮಾರನೆಯ ದಿನ ಮತ್ತೆ ಬಂದವು, ನೆಂಟರಿಷ್ಟರನ್ನೂ ಕರೆದುಕೊಂಡು. ಸಿಟ್ಟು ನೆತ್ತಿಗೇರಿತು. ಅರಿಶಿನದ ವ್ಯಾಪಾರ ಮಾಡುವ ಪಕ್ಕದ ಮನೆಯವರು, "ಅರಿಶಿನ ಹಾಕಿ ಸಾರ್, ಬೂಷ್ಟು ಅನ್ನೋದು ಅತ್ರಕ್ಕೂ ಬರಕಿಲ್ಲ" ಎಂದು ಒಂದು ಚೀಲ ಪುಡಿ ಕೊಟ್ಟರು. ಭಾನುವಾರ ಸಂಜೆ ಅಷ್ಟನ್ನೂ ಅಣಬೆಗಳ ತಲೆಯ ಮೇಲೆ ಸುರಿದು ನೀರು ಚಿಮುಕಿಸಿದೆ. ಚೀಲ ಹಿಡಿದು ನಿಂತವಳು ನನ್ನ ಹೆಂಡತಿ.

ಮರುದಿನ ಸೋಮವಾರ. ಈಶ್ವರನ ಗುಡಿಗೆ ಹೊರಟ ಹೆಂಗಸರು ನಮ್ಮ ಗೇಟಿನ ಮುಂದೆ ನಿಂತುಬಿಟ್ಟರು. ಇನ್ನೂ ಅರಳದ ಅಣಬೆ ಮೊಗ್ಗುಗಳು ಮೈತುಂಬ ಅರಿಶಿನ ಬಳಿದುಕೊಂಡು ಪುಟ್ಟ ಲಿಂಗಗಳ ಹಾಗೆ ದುಂಡಗೆ ಕೂತಿದ್ದವು. ಒಬ್ಬಾಕೆ ಕೈ ಮುಗಿದಳು.

"ಉದ್ಭವ ಆಗವ್ನೆ ಕಣವ್ವ!"

"ಅದು ಅಣಬೆ ಕಣ್ರಮ್ಮ, ಅರಿಶಿನ ಹಾಕಿದ್ದು ನಾನೇ!" ಎಂದು ಕೂಗಿದೆ.

"ನಿಮ್ ಕೈಲಿ ಆಕ್ಸವ್ನೆ ಸಾಮಿ" ಎಂದಳಾಕೆ.

ಮಧ್ಯಾಹ್ನದ ಹೊತ್ತಿಗೆ ಕುಂಕುಮ, ಬಿಲ್ವಪತ್ರೆ, ಬಾಳೆಹಣ್ಣು ಎಲ್ಲ ಬಂದವು. ನನ್ನ ಹೆಂಡತಿಯೇ ದೀಪ ಹಚ್ಚಿ ತಂದಳು.

"ಲೇ, ನಿನ್ನೆ ಚೀಲ ಹಿಡ್ಕೊಂಡಿದ್ದೋಳು ನೀನೇ ಅಲ್ವೇನೇ?"

"ನಿನ್ನೆ ಅಣಬೆ, ಸರಿ. ಇವತ್ತು ಪೂಜೆ ಆಗೋಗದೆ. ಕೀಳಕ್ಕೆ ನೀವ್ಯಾರು?"

ಮಾರನೆಯ ದಿನ ಬಿಸಿಲೇರುತ್ತಿದ್ದಂತೆ ಅಣಬೆಗಳು ತಾವಾಗಿಯೇ ಕರಗಿ ಕಪ್ಪು ನೀರಾದವು. ನನಗೆ ಕುಣಿಯುವಷ್ಟು ಖುಷಿ. ಸ್ವಾಮಿ ಭೂಮಿಯೊಳಕ್ಕೆ ಹೋದ ಎಂದು ಹೆಂಗಸರು ಅದೇ ಜಾಗದಲ್ಲಿ ಸುತ್ತ ಕಲ್ಲಿಟ್ಟು, ಚಪ್ಪಲಿ ಹಾಕಿಕೊಂಡು ಹುಲ್ಲು ತುಳಿಯಬಾರದೆಂದು ನನಗೇ ಕಟ್ಟಪ್ಪಣೆ ಮಾಡಿದರು.

ಅಣಬೆ ಹೋಯಿತೆಂದು ಫೋನು ಮಾಡಿದ ಮೇಲೆ ಮಗಳು ಬಂದಳು. ಬಂದವಳು ಮಗುವನ್ನು ಸೊಂಟದಿಂದ ಇಳಿಸಲೇ ಇಲ್ಲ. "ಬೇಡ ಅಪ್ಪಾಜಿ, ಬೇರು ಇನ್ನೂ ಒಳಗಿರುತ್ತೆ." ನಾನು ಎಷ್ಟು ಗೋಗರೆದರೂ ಕೇಳಲಿಲ್ಲ. ಇಷ್ಟು ದಿನ ನಾನು ನೀರು ಹಾಯಿಸಿದ್ದು ಯಾರಿಗಾಗಿ?

ಅಷ್ಟರಲ್ಲಿ ಗೇಟಿನ ಹತ್ತಿರ ಕೈ ಮುಗಿದು ನಿಂತಿದ್ದ ಹೆಂಗಸೊಬ್ಬಳು, "ಮಗೀನ ಒಂದ್ ಗಳಿಗೆ ಸಾಮಿ ಮುಂದೆ ಬುಡವ್ವ, ಒಳ್ಳೇದಾಯ್ತದೆ" ಎಂದಳು.

ಮಗಳು ಮರುಮಾತಾಡದೆ ಚಪ್ಪಲಿ ಬಿಟ್ಟು ಹೋಗಿ, ಅಣಬೆ ಎದ್ದಿದ್ದ ಜಾಗದಲ್ಲೇ ಮಗುವನ್ನು ಇಳಿಸಿದಳು. ತಾತನ ಮಾತಿಗೆ ಇಳಿಯದ ಮಗು ಅಣಬೆಯ ಮಾತಿಗೆ ಇಳಿಯಿತಲ್ಲ ಎಂದು ಹೊಟ್ಟೆ ಉರಿಯಿತು. ಮೊಮ್ಮಗಳು ಕಲ್ಲುಗಳ ಸುತ್ತ ಅಂಬೆಗಾಲಿಡುತ್ತಾ, ಹಿಡಿ ಹುಲ್ಲು ಕಿತ್ತು ಬಾಯಿಗೆ ತುರುಕಿಕೊಂಡಳು. ಯಾರೂ ಬೇಡ ಎನ್ನಲಿಲ್ಲ.

ನನ್ನ ಕಣ್ಣು ತುಂಬಿ ಬಂತು. ತಡೆಯಲಾರದೆ ಎತ್ತಿಕೊಳ್ಳಲು ಓಡಿದೆ.

"ತಡೀರಿ, ಮಗು ಸಾಮಿಗೆ ಸುತ್ತು ಬತ್ತಾದೆ, ಪೂರ್ತಿ ಆಗ್ಲಿ" ಎಂದು ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿದಳು.